ಪೆನ್ ಪೆನ್ಸಿಲಿಗೂ ಒಂದು ಜಾತಕ

ಮೇಜಿನ ಮೇಲೆ ಎರಡು ಪೆನ್ಸಿಲ್ ಇವೆ ಅಂದುಕೊಳ್ಳಿ. ಎರಡೂ ಕಪ್ಪು, ಉದ್ದ ಒಂದೇ, ತೂಕ ಒಂದೇ, ಗುಂಡಿ ಒತ್ತಿದರೆ ಬರುವ ‘ಟಕ್’ ಸದ್ದೂ ಒಂದೇ. ಒಂದರ ಮೈಮೇಲೆ ‘ಜರ್ಮನಿ’ ಅಂತಿದೆ, ಇನ್ನೊಂದರ ಮೇಲೆ ‘ಡಬ್ಲ್ಯೂ. ಜರ್ಮನಿ’. ಭೂತಗನ್ನಡಿ ಹಿಡಿಯದಿದ್ದರೆ ಕಣ್ಣಿಗೇ ಬೀಳದಷ್ಟು ಸಣ್ಣ ಅಕ್ಷರ ಅದು. ಅಷ್ಟಕ್ಕೇ ಸಂಗ್ರಾಹಕರು ಇವೆರಡನ್ನೂ ಬೇರೆ ಬೇರೆ ಖಾನೆಗೆ ಹಾಕುತ್ತಾರೆ, ಬೇರೆ ಬೇರೆ ಬೆಲೆ ಕೊಡುತ್ತಾರೆ. ಹುಚ್ಚು ಅನ್ನಿಸಬಹುದು. ಆದರೆ ಆ ಹುಚ್ಚಿಗೊಂದು ಲೆಕ್ಕಾಚಾರ ಇದೆ.

ನಾವು ಶಾಲೆಯಲ್ಲಿ ‘ಪೆನ್ ಪೆನ್ಸಿಲ್’ ಅಂತ, ಡ್ರಾಯಿಂಗ್ ಹಾಲಿನಲ್ಲಿ ‘ಕ್ಲಚ್ ಪೆನ್ಸಿಲ್’ ಅಂತ ಕರೆದ ಈ ವಸ್ತುವಿಗೆ ಇನ್ನೂರು ವರ್ಷದ ಇತಿಹಾಸ ಇದೆ. ಅಷ್ಟು ಕಾಲದಲ್ಲಿ ಒಂದೊಂದು ಮಾದರಿಯೂ ಸದ್ದಿಲ್ಲದೆ ಹತ್ತಾರು ಸಲ ಬದಲಾಗಿದೆ. ಕ್ಲಿಪ್ಪಿನ ಬಾಗು, ಅಕ್ಷರದ ಅಚ್ಚು, ಒಳಗಿನ ತಿರುಪು, ತುದಿಯ ರಂಧ್ರ, ಹೀಗೆ ಯಾವುದೋ ಒಂದು. ಕಂಪನಿಗಳು ಇದನ್ನು ಯಾರಿಗೂ ಹೇಳಿಕೊಂಡು ಮಾಡಲಿಲ್ಲ, ಹಾಗಾಗಿ ಕಾಲ ಹೇಳುವ ಸಾಕ್ಷಿಯನ್ನು ಪೆನ್ಸಿಲಿನ ಮೈಮೇಲೆಯೇ ಹುಡುಕಬೇಕು.

ಹುಡುಕುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳುವುದು ನನ್ನ ಅಭ್ಯಾಸ: ಈ ಬದಲಾವಣೆ ಮಾಡಿದ್ದು ಯಾರ ಕೈ? ಸರ್ಕಾರದ್ದೇ, ಕಾರ್ಖಾನೆಯದ್ದೇ, ಇಲ್ಲ ಪೆನ್ಸಿಲ್ ಇಟ್ಟುಕೊಂಡಿದ್ದವನದ್ದೇ? ಕಾನೂನು ಹೊಡೆಸಿದ ಮುದ್ರೆಗೆ ಗೆಜೆಟ್ಟಿನ ತಾರೀಕು ಇರುತ್ತದೆ, ಅದನ್ನು ನಂಬಬಹುದು. ಕಾರ್ಖಾನೆ ಮಾಡಿದ ಬದಲಾವಣೆ ಅಷ್ಟು ಚೊಕ್ಕ ಇರುವುದಿಲ್ಲ. ಹಳೇ ಕ್ಲಿಪ್ಪುಗಳು ಡಬ್ಬಿಯಲ್ಲಿ ಉಳಿದಿದ್ದರೆ ಅವು ಮುಗಿಯುವವರೆಗೂ ಹೊಸ ಮೈಗೆ ಹಳೇ ಕ್ಲಿಪ್ಪೇ. ಯಾವ ಮೇಸ್ತ್ರಿಯೂ ಒಳ್ಳೇ ಸಾಮಾನು ಎಸೆಯುವುದಿಲ್ಲ. ಇನ್ನು ಒಡೆಯನ ಕೈವಾಡಕ್ಕಂತೂ ತಾರೀಕೇ ಇಲ್ಲ. ಸಂಗ್ರಹದ ಲೋಕದ ಮುಕ್ಕಾಲು ಜಗಳ ಈ ಮೂರನ್ನು ಒಂದೇ ತಕ್ಕಡಿಯಲ್ಲಿ ತೂಗುವುದರಿಂದ ಹುಟ್ಟುತ್ತದೆ.

ಮೊದಲು ಬೆಳ್ಳಿ ಪೆನ್ಸಿಲಿನಿಂದ ಶುರುಮಾಡೋಣ, ಯಾಕೆಂದರೆ ಅಲ್ಲಿ ಸಾಕ್ಷಿ ಸಮೃದ್ಧ. ಲಂಡನ್ನಿನ ಸ್ಯಾಂಪ್ಸನ್ ಮೋರ್ಡನ್ ಮತ್ತು ಜಾನ್ ಐಸಾಕ್ ಹಾಕಿನ್ಸ್ ಎಂಬಿಬ್ಬರು 1822ರ ಡಿಸೆಂಬರಿನಲ್ಲಿ, ಲೆಡ್ಡನ್ನು ತಿರುಪಿನಿಂದ ಮುಂದಕ್ಕೆ ತಳ್ಳುವ ಪೆನ್ಸಿಲಿಗೆ ಪೇಟೆಂಟ್ ಪಡೆದರು. ಸ್ವಲ್ಪ ದಿನದಲ್ಲೇ ಮೋರ್ಡನ್ ಹಾಕಿನ್ಸರ ಪಾಲು ಕೊಂಡುಕೊಂಡ. ಬಳಿಕ ಗೇಬ್ರಿಯಲ್ ರಿಡಲ್ ಎಂಬ ಕಾಗದದ ವ್ಯಾಪಾರಿ ಹಣ ಹಾಕಿ ಪಾಲುದಾರನಾದ. 1837ರ ಹೊತ್ತಿಗೆ ಈ ಪಾಲುದಾರಿಕೆ ಮುರಿಯಿತು. ಸಂಗ್ರಾಹಕರಿಗೆ ಈ ಸಣ್ಣ ವ್ಯಾಪಾರದ ಕತೆ ಬಹಳ ಮುಖ್ಯ. ಪಾಲುದಾರಿಕೆ ನಡೆದಷ್ಟು ಕಾಲ ಬೆಳ್ಳಿಯ ಮೇಲೆ ‘ಎಸ್ ಎಂ’ ಮತ್ತು ‘ಜಿ ಆರ್’ ಎಂಬ ಜೋಡಿ ಮುದ್ರೆ ಬೀಳುತ್ತಿತ್ತು. ಆಮೇಲೆ ಬರೀ ‘ಎಸ್ ಎಂ’. ಹಾಗಾಗಿ ಜೋಡಿ ಮುದ್ರೆ ಕಂಡರೆ ಮಿಕ್ಕ ಏನೂ ಓದದೆಯೇ ಸುಮಾರು ಹದಿನಾಲ್ಕು ವರ್ಷದ ಒಂದು ಕಿಂಡಿಗೆ ಬಂದು ನಿಲ್ಲುತ್ತೇವೆ.

ಆ ಕಿಂಡಿಯನ್ನು ಇನ್ನೂ ಕಿರಿದು ಮಾಡುವುದು ಬೆಳ್ಳಿ ಪರೀಕ್ಷೆಯ ಮುದ್ರೆಗಳು, ಅಂದರೆ ಹಾಲ್‌ಮಾರ್ಕ್. ನಮ್ಮಲ್ಲಿ ಚಿನ್ನದ ಒಡವೆಗೆ ಹಾಕುತ್ತಾರಲ್ಲ, ಅದರ ಹಿರಿಯಣ್ಣ. ನಡೆಯುವ ಸಿಂಹ ಇದ್ದರೆ ಬೆಳ್ಳಿ ಸಾವಿರಕ್ಕೆ 925 ಪಾಲು ಶುದ್ಧ. ಚಿರತೆಯ ತಲೆ ಇದ್ದರೆ ಲಂಡನ್ನಿನಲ್ಲಿ ಪರೀಕ್ಷೆ ಆದದ್ದು, ಲಂಗರು ಇದ್ದರೆ ಬರ್ಮಿಂಗ್‌ಹ್ಯಾಮಿನಲ್ಲಿ. ರಾಜನದೋ ರಾಣಿಯದೋ ತಲೆ ಇದ್ದರೆ ಬೆಳ್ಳಿಯ ಸುಂಕ ಕಟ್ಟಿದ್ದಕ್ಕೆ ರಸೀತಿ ಅಂತಿಟ್ಟುಕೊಳ್ಳಿ. ಆ ಸುಂಕ 1890ರಲ್ಲಿ ರದ್ದಾಯಿತು, ತಲೆಯೂ ಹೋಯಿತು. ಇವುಗಳ ಜತೆಗೆ ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ. ಅದೇ ವರ್ಷದ ಅಕ್ಷರ.

ಲಂಡನ್ನಿನವರು ಪ್ರತಿ ವರ್ಷ ಮೇ ತಿಂಗಳಲ್ಲಿ ಈ ಅಕ್ಷರ ಬದಲಿಸುತ್ತಿದ್ದರು. ‘ಎ’ಯಿಂದ ‘ಯು’ವರೆಗೆ, ‘ಜೆ’ ಬಿಟ್ಟು, ಒಟ್ಟು ಇಪ್ಪತ್ತು. ಇಪ್ಪತ್ತು ವರ್ಷ ಮುಗಿದರೆ ಮತ್ತೆ ‘ಎ’. ನಮಗೆ ಇದು ಹೊಸದೇನಲ್ಲ. ‘ಪ್ರಭವ ಸಂವತ್ಸರದಲ್ಲಿ ಹುಟ್ಟಿದವನು’ ಅಂತ ಯಾರಾದರೂ ಹೇಳಿದರೆ 1927ರವನೋ 1987ರವನೋ ಅಂತ ಮುಖ ನೋಡಿ ನಿರ್ಧರಿಸುತ್ತೇವೆ. ಶಾಸನ ಓದುವವರಿಗೆ ಬರೀ ಸಂವತ್ಸರದ ಹೆಸರು ಸಾಲದು, ಶಕವರ್ಷ ಬೇಕು. ಅದು ಅಳಿಸಿಹೋಗಿದ್ದರೆ ಲಿಪಿಯ ಆಕಾರ ನೋಡಿ ಶತಮಾನ ಅಂದಾಜು ಮಾಡುತ್ತಾರೆ. ಬೆಳ್ಳಿ ಪೆನ್ಸಿಲಿಗೂ ಇದೇ ನ್ಯಾಯ. ಲಂಡನ್ನಿನ ಆವರ್ತಗಳು 1816, 1836, 1856, 1876, 1896ರಲ್ಲಿ ಶುರುವಾದವು. ಪ್ರತಿ ಆವರ್ತಕ್ಕೂ ಅಕ್ಷರದ ಶೈಲಿ ಬೇರೆ: ಒಮ್ಮೆ ಸಣ್ಣಕ್ಷರ, ಒಮ್ಮೆ ದೊಡ್ಡಕ್ಷರ, ಒಮ್ಮೆ ಹಳೇ ಬೈಬಲ್ಲಿನಂಥ ಗೋಥಿಕ್.

ಒಂದು ಪೆನ್ಸಿಲಿನ ಮೇಲೆ ‘ಎಂ’ ಅಕ್ಷರ ಇದೆ ಅನ್ನಿ. ಅದು ಸಣ್ಣಕ್ಷರವಾಗಿ, ಜತೆಗೆ ‘ಎಸ್ ಎಂ’, ‘ಜಿ ಆರ್’ ಜೋಡಿ ಇದ್ದು, ತಲೆ ಬಲಕ್ಕೆ ಮುಖಮಾಡಿದ್ದರೆ 1827ರ ಮೇ ತಿಂಗಳಿಂದ 1828ರ ಮೇವರೆಗಿನ ಒಂದು ವರ್ಷದಲ್ಲಿ ಪರೀಕ್ಷೆಯಾದದ್ದು. ಜೋಡಿ ಇಲ್ಲದೆ ಬರೀ ‘ಎಸ್ ಎಂ’ ಇದ್ದು, ತಲೆ ಎಡಕ್ಕೆ ತಿರುಗಿದ್ದರೆ ಅದು ವಿಕ್ಟೋರಿಯಾ. ಅಕ್ಷರದ ಶೈಲಿ ನೋಡಿ 1847ಕ್ಕೋ 1867ಕ್ಕೋ ಹೋಗಬೇಕು. ಇಲ್ಲಿ ಗಮನಿಸಬೇಕಾದ್ದು, ಯಾವ ಒಂದು ಮುದ್ರೆಯೂ ತಾನೇ ಉತ್ತರ ಹೇಳಲಿಲ್ಲ. ಒಂದು ಕಾಲದ ಹಿಂದಿನ ಗಡಿ ಹಾಕಿತು, ಇನ್ನೊಂದು ಮುಂದಿನ ಗಡಿ ಹಾಕಿತು, ಮೂರನೆಯದು ಮಧ್ಯದ ಗೂಟಕ್ಕೆ ಕಟ್ಟಿತು. ಕಂಪನಿಯ ಹೆಸರಿನ ದೊಡ್ಡ ಕೆತ್ತನೆ ನೋಡಿ ಹಿಗ್ಗುವವರಿಗೆ ಒಂದು ಮಾತು: ಮೋರ್ಡನ್ 1843ರಲ್ಲೇ ತೀರಿಕೊಂಡ, ಆದರೆ ಅವನ ಹೆಸರಿನ ಕಾರ್ಖಾನೆ ಎರಡನೇ ಮಹಾಯುದ್ಧದವರೆಗೂ ನಡೆಯಿತು. ಲಂಡನ್ನಿನ ಮೇಲೆ ಬಾಂಬು ಬಿದ್ದ ಕಾಲದಲ್ಲಿ, 1941ರಲ್ಲಿ, ಅದು ನಾಶವಾಯಿತು. ಬರೀ ಹೆಸರು ನೋಡಿ ಕಾಲ ಹೇಳಹೊರಟರೆ ನೂರು ವರ್ಷದ ಅಂತರದಲ್ಲಿ ಎಲ್ಲಿ ಬೇಕಾದರೂ ಬೀಳಬಹುದು.

ಇದೇ ಕಾಲದ ಪೆನ್ಸಿಲುಗಳ ಮೇಲೆ ಕೆಲವೊಮ್ಮೆ ಗಾಳಿಪಟದಂಥ ವಜ್ರಾಕೃತಿ ಕಾಣುತ್ತದೆ. ಪ್ರಾಣಿ, ಪಿಸ್ತೂಲು, ಈಜಿಪ್ಟಿನ ಮಮ್ಮಿ ಅಂತೆಲ್ಲ ವೇಷ ಹಾಕಿದ ವಿಕ್ಟೋರಿಯನ್ ಪೆನ್ಸಿಲುಗಳಲ್ಲಿ ಹುಡುಕಬೇಕು. ಅದು ಬ್ರಿಟನ್ನಿನಲ್ಲಿ ವಿನ್ಯಾಸ ನೋಂದಾಯಿಸಿದ ಗುರುತು. 1842ರಿಂದ 1883ರವರೆಗೆ ಈ ಆಕೃತಿ ಚಾಲ್ತಿಯಲ್ಲಿತ್ತು. ವರ್ಷದ ಅಕ್ಷರ ಮೇಲಿನ ಮೂಲೆಯಲ್ಲಿದ್ದರೆ 1867ರ ಒಳಗಿನದು, ಬಲಮೂಲೆಯಲ್ಲಿದ್ದರೆ 1868ರ ನಂತರದ್ದು. 1884ರಿಂದ ವಜ್ರ ಹೋಗಿ ಬರೀ ನಂಬರು ಬಂತು.

ಅಟ್ಲಾಂಟಿಕ್ ದಾಟಿದರೆ ಬೆಳ್ಳಿಯ ವರ್ಷಾಕ್ಷರದ ವೈಭೋಗ ಮುಗಿಯಿತು. ಅಮೆರಿಕದ ಪೆನ್ಸಿಲಿನ ಮೇಲೆ ಸಿಗುವುದು ಪೇಟೆಂಟಿನ ಗುರುತು. ಹೊಸಬರು ಎಡವುವುದೂ ಇಲ್ಲೇ. ಇಲಿನಾಯ್ ರಾಜ್ಯದ ಬ್ಲೂಮಿಂಗ್ಟನ್ನಿನ ಚಾರ್ಲ್ಸ್ ಕೀರನ್ 1913ರಲ್ಲಿ ‘ಎವರ್‌ಶಾರ್ಪ್’ ಎಂಬ ಪೆನ್ಸಿಲ್ ರೂಪಿಸಿದ. 1915ರ ಹೊತ್ತಿಗೆ ಅದರ ತಯಾರಿಕೆ ಶಿಕಾಗೋದ ವಾಲ್ ಎಂಬ ಕಂಪನಿಯ ಕೈಗೆ ಬಂತು. ಆ ಕಂಪನಿ ಮೊದಲು ಮಾಡುತ್ತಿದ್ದುದು ಲೆಕ್ಕ ಕೂಡುವ ಯಂತ್ರ! ಪೆನ್ಸಿಲ್ ಎಷ್ಟು ಓಡಿತೆಂದರೆ ಯಂತ್ರದ ವ್ಯಾಪಾರ ಹಿಂದೆ ಬಿತ್ತು. ಇಂಥ ಪೆನ್ಸಿಲಿನ ಮೇಲೆ ಪೇಟೆಂಟಿನ ತಾರೀಕು ಕಂಡ ಕೂಡಲೇ ಮಾರುವವರು ಅದನ್ನೇ ಹುಟ್ಟಿದ ದಿನ ಅಂತ ಚೀಟಿ ಅಂಟಿಸುತ್ತಾರೆ. ಪೇಟೆಂಟಿನ ಆಯಸ್ಸು ಆಗ ಹದಿನೇಳು ವರ್ಷ. ಅಷ್ಟೂ ಕಾಲ ಅದೇ ತಾರೀಕನ್ನು ಅಚ್ಚು ಹಾಕಬಹುದಿತ್ತು, ಹಾಕುತ್ತಲೂ ಇದ್ದರು. ಪೇಟೆಂಟಿನ ತಾರೀಕು ‘ಇದಕ್ಕಿಂತ ಹಿಂದಿನದಲ್ಲ’ ಅಂತ ಮಾತ್ರ ಹೇಳುತ್ತದೆ. ಮುಂದೆ ಎಲ್ಲಿಯವರೆಗೆ ಅನ್ನುವುದು ಅದಕ್ಕೆ ಗೊತ್ತಿಲ್ಲ.

ಅದೃಷ್ಟಕ್ಕೆ ಕಾನೂನು ಇಲ್ಲೂ ಕೈಹಿಡಿಯುತ್ತದೆ. 1927ರವರೆಗೆ ಅಮೆರಿಕದಲ್ಲಿ ವಸ್ತುವಿನ ಮೇಲೆ ಪೇಟೆಂಟ್ ಸಿಕ್ಕ ತಾರೀಕು ಹಾಕುವುದು ರೂಢಿ, ಆಮೇಲಿನ ಪೇಟೆಂಟುಗಳಿಗೆ ನಂಬರು ಹಾಕಬೇಕೆಂದಾಯಿತು. ನಂಬರು ಕಂಡರೆ ಇನ್ನೂ ಸುಲಭ. ಹತ್ತು ಲಕ್ಷದ ಪೇಟೆಂಟ್ 1911ರಲ್ಲಿ, ಇಪ್ಪತ್ತು ಲಕ್ಷದ್ದು 1935ರಲ್ಲಿ, ಮೂವತ್ತು ಲಕ್ಷದ್ದು 1961ರಲ್ಲಿ, ನಲವತ್ತು ಲಕ್ಷದ್ದು 1976ರಲ್ಲಿ ಮಂಜೂರಾದವು. ಏಳಂಕಿಯ ನಂಬರು 1ರಿಂದ ಶುರುವಾದರೆ ಆ ಪೇಟೆಂಟ್ 1911 ಮತ್ತು 1935ರ ನಡುವಿನದು, 2ರಿಂದ ಶುರುವಾದರೆ 1935 ಮತ್ತು 1961ರ ನಡುವಿನದು. ಇಷ್ಟು ಬಾಯಿಪಾಠ ಮಾಡಿಕೊಂಡರೆ ಗುಜರಿ ಅಂಗಡಿಯಲ್ಲಿ ನಿಂತೇ ಅರ್ಧ ಕೆಲಸ ಮುಗಿಸಬಹುದು. ಒಂದೇ ಪೆನ್ಸಿಲಿನ ಮೇಲೆ ಹಲವು ನಂಬರು ಇದ್ದರೆ ಎಲ್ಲಕ್ಕಿಂತ ದೊಡ್ಡದನ್ನು ನೋಡಿ. ಸಣ್ಣವು ಹಳೇ ಉಪಾಯಗಳ ಪಟ್ಟಿಯಷ್ಟೇ.

ಎವರ್‌ಶಾರ್ಪಿಗೆ ಮುಂದಿನ ಗಡಿ ಹಾಕುವುದು ಕಂಪನಿಯ ಹೆಸರು. 1940ರಲ್ಲಿ ವಾಲ್ ಕಂಪನಿ ತನ್ನ ಹೆಸರನ್ನೇ ‘ಎವರ್‌ಶಾರ್ಪ್’ ಅಂತ ಬದಲಿಸಿಕೊಂಡಿತು. ವಾಲ್ ಹೆಸರಿರುವ ಪೆನ್ಸಿಲ್ ಆ ಬದಲಾವಣೆಗೆ ಮೊದಲಿನದಾಗುವ ಸಂಭವವೇ ಹೆಚ್ಚು. ‘ಸಂಭವ’ ಅಂದಿದ್ದು ಬೇಕೆಂದೇ: ಹೆಸರು ಕಾಗದದ ಮೇಲೆ ಒಂದು ದಿನದಲ್ಲಿ ಬದಲಾಗುತ್ತದೆ, ಡಬ್ಬಿಯಲ್ಲಿ ತುಂಬಿದ ಮಾಲು ಬದಲಾಗುವುದಿಲ್ಲ. 1957ರಲ್ಲಿ ಪಾರ್ಕರ್ ಕಂಪನಿ ಎವರ್‌ಶಾರ್ಪಿನ ಲೇಖನಿ ವಿಭಾಗ ಕೊಂಡುಕೊಂಡಿತು.

ದೇಶದ ಹೆಸರು ಹೇಳುವ ಕತೆಯಂತೂ ಇನ್ನೂ ಸೊಗಸು. ಹೊರಗಿನಿಂದ ಬರುವ ಮಾಲಿನ ಮೇಲೆ ತಯಾರಾದ ದೇಶದ ಹೆಸರು ಇರಲೇಬೇಕೆಂದು ಅಮೆರಿಕ 1891ರಿಂದ ಪಟ್ಟುಹಿಡಿಯಿತು. ಅದರ ಪುಣ್ಯಕ್ಕೆ ಪೆನ್ಸಿಲಿನ ಮೇಲೆ ಭೂಪಟವೂ ಅಚ್ಚಾಯಿತು. ಬರೀ ‘ಜರ್ಮನಿ’ ಇದ್ದರೆ ಹೆಚ್ಚಾಗಿ 1949ಕ್ಕೆ ಹಿಂದಿನದು ಇಲ್ಲವೇ 1990ರ ಏಕೀಕರಣದ ನಂತರದ್ದು. ‘ಡಬ್ಲ್ಯೂ. ಜರ್ಮನಿ’ ಇದ್ದರೆ ಆ ನಲವತ್ತೊಂದು ವರ್ಷದ ಒಳಗಿನದು. ‘ಆಕ್ಯುಪೈಡ್ ಜಪಾನ್’ ಅಂತಿದ್ದರೆ 1947 ಮತ್ತು 1952ರ ನಡುವೆ, ಜಪಾನ್ ಅಮೆರಿಕನ್ನರ ಆಡಳಿತದಲ್ಲಿದ್ದ ಕಾಲದ ಕೊನೆಯ ಐದು ವರ್ಷ. ಆದರೆ ಆ ಕಾಲದ ಎಲ್ಲ ಮಾಲಿನ ಮೇಲೂ ಹಾಗೆ ಬರೆದಿರಲಿಲ್ಲ, ಆದ್ದರಿಂದ ಆ ಮಾತು ಇಲ್ಲ ಅನ್ನುವುದು ಸಾಕ್ಷಿಯಾಗದು.

ನನಗೆ ಅತ್ಯಂತ ಇಷ್ಟವಾದದ್ದು ಕೊಹಿನೂರ್. ನಮ್ಮ ನೆಲದ ವಜ್ರದ ಹೆಸರಿಟ್ಟುಕೊಂಡ ಆ ಕಂಪನಿಯನ್ನು ಹಾರ್ಟ್‌ಮುಟ್ ಮನೆತನ 1790ರಲ್ಲಿ ವಿಯೆನ್ನಾದಲ್ಲಿ ಶುರುಮಾಡಿ, 1848ರಲ್ಲಿ ಬುಡ್‌ವೈಸ್ ಊರಿಗೆ ಸಾಗಿಸಿತು. ಅಲ್ಲಿಂದ ಕಾರ್ಖಾನೆ ಕದಲಿಲ್ಲ. ಊರೇ ದೇಶ ಬದಲಿಸುತ್ತ ಹೋಯಿತು. 1918ರವರೆಗೆ ಅದು ಆಸ್ಟ್ರಿಯಾ ಸಾಮ್ರಾಜ್ಯದಲ್ಲಿತ್ತು, ಆಮೇಲೆ ಚೆಕೋಸ್ಲೊವಾಕಿಯಾ, 1993ರಿಂದ ಚೆಕ್ ಗಣರಾಜ್ಯ. ಊರಿನ ಹೆಸರೂ ಚೆಸ್ಕೆ ಬುಡಿಯೊವಿತ್ಸೆ ಆಯಿತು. ಡ್ರಾಯಿಂಗ್ ಕಲಿತವರ ಮನೆಯಲ್ಲಿ ಹಳೇ ‘ವರ್ಸಾಟಿಲ್’ ಕ್ಲಚ್ ಪೆನ್ಸಿಲ್ ಇದ್ದರೆ ಅದರ ಮೇಲೆ ಚೆಕೋಸ್ಲೊವಾಕಿಯಾ ಅಂತಿದೆಯೇ ನೋಡಿ. ಇದ್ದರೆ ನಿಮ್ಮ ಕೈಲಿರುವುದು ಈಗಿಲ್ಲದ ಒಂದು ದೇಶದ ಮಾಲು. ಹ್ಯಾಂಬರ್ಗಿನ ರೋಟ್ರಿಂಗ್ ಕಂಪನಿಯದು ಇದಕ್ಕೆ ತಿರುಗಾಮುರುಗಾ. ಅಲ್ಲಿ ದೇಶ ಇದ್ದಲ್ಲೇ ಇತ್ತು, ತಯಾರಿಕೆ ಹೊರಟಿತು. 1998ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಆ ಕಂಪನಿ ಕೊಂಡುಕೊಂಡಿತು. ಕೆಂಪು ಉಂಗುರದ, ಷಟ್ಕೋನದ ‘600’ ಪೆನ್ಸಿಲ್ ಮೊದಲು ಜರ್ಮನಿಯ ಹೆಸರು ಹೊತ್ತು ಬರುತ್ತಿತ್ತು, ಇವತ್ತು ಅಂಗಡಿಯಲ್ಲಿ ಸಿಗುವುದರ ಮೇಲೆ ಜಪಾನ್ ಅಂತಿರುತ್ತದೆ.

ಕಾರ್ಖಾನೆಯೇ ತಾರೀಕು ಹಾಕಿದರೆ ಈ ಪತ್ತೇದಾರಿ ಬೇಕಾಗುವುದಿಲ್ಲ ಅಂದುಕೊಂಡರೆ ಪಾರ್ಕರ್ ನಿಮ್ಮ ಉತ್ಸಾಹಕ್ಕೆ ಸ್ವಲ್ಪ ತಣ್ಣೀರು ಹಾಕುತ್ತದೆ. 1930, 40ರ ದಶಕದ ಪಾರ್ಕರ್‌ಗಳಲ್ಲಿ ವರ್ಷದ ಅಂಕಿ, ಪಕ್ಕದಲ್ಲಿ ಚುಕ್ಕಿಗಳು. ಮೂರು ಚುಕ್ಕಿ ಇದ್ದರೆ ವರ್ಷದ ಮೊದಲ ಮೂರು ತಿಂಗಳು, ಎರಡಿದ್ದರೆ ಮುಂದಿನ ಮೂರು, ಏನೂ ಇಲ್ಲದಿದ್ದರೆ ಕೊನೆಯ ಮೂರು. ಲೆಕ್ಕ ಇಳಿಯುತ್ತ ಹೋಗುವುದು ವಿಚಿತ್ರ ಅನ್ನಿಸಿದರೆ ಅಚ್ಚಿನ ಬಗ್ಗೆ ಯೋಚಿಸಿ. ಉಕ್ಕಿನ ಅಚ್ಚಿನಲ್ಲಿ ಎದ್ದುನಿಂತ ಚುಕ್ಕಿಯನ್ನು ತೇಯ್ದು ಹಾಕುವುದು ಒಂದು ನಿಮಿಷದ ಕೆಲಸ. ಹೊಸ ಚುಕ್ಕಿ ಎಬ್ಬಿಸುವುದು ಆಗದ ಮಾತು. ಆದ್ದರಿಂದ ವರ್ಷದ ಮೊದಲಿಗೆ ಮೂರು ಚುಕ್ಕಿಯ ಅಚ್ಚು ಮಾಡಿ, ಮೂರು ತಿಂಗಳಿಗೊಂದು ತೇಯುತ್ತ ಹೋದರೆ ಒಂದೇ ಅಚ್ಚು ವರ್ಷಪೂರ್ತಿ ಬಂತು.

1980ರಿಂದ ಪಾರ್ಕರ್ ಅಂಕಿ ಬಿಟ್ಟು ‘ಕ್ವಾಲಿಟಿಪೆನ್’ ಎಂಬ ಪದ ಹಿಡಿಯಿತು. ಇಂಗ್ಲಿಷಿನಲ್ಲಿ ಅದಕ್ಕೆ ಹತ್ತು ಅಕ್ಷರ, ಒಂದೂ ಮರುಕಳಿಸುವುದಿಲ್ಲ. ಮೊದಲಕ್ಷರ ‘ಕ್ಯೂ’ ಅಂದರೆ ಸೊನ್ನೆ, ‘ಯು’ ಅಂದರೆ ಒಂದು, ‘ಎ’ ಎರಡು, ಹೀಗೆ ಹೋಗಿ ಕೊನೆಯ ‘ಎನ್’ ಅಂದರೆ ಒಂಬತ್ತು. 1987ರಿಂದ ಇದರ ಪಕ್ಕ ನಿಂತ ಗೀಟುಗಳು ಬಂದವು; ಅವೂ ಚುಕ್ಕಿಯ ಹಾಗೆಯೇ ಮೂರರಿಂದ ಇಳಿಯುತ್ತವೆ. ನೋಡಿ, ಸಂವತ್ಸರದ ತಾಪತ್ರಯ ಮತ್ತೆ ಬಂತು, ಈ ಸಲ ಅರವತ್ತರ ಬದಲು ಹತ್ತು ವರ್ಷದ ಚಕ್ರ. ‘ಯು’ ಅಂದರೆ 1981 ಇರಬಹುದು, 1991 ಇರಬಹುದು, 2001 ಇರಬಹುದು. ಪಕ್ಕದಲ್ಲಿ ಗೀಟು ಇದ್ದರೆ 1981 ಬಿಟ್ಟುಹೋಯಿತು, ಯಾಕೆಂದರೆ ಆಗ ಗೀಟೇ ಇರಲಿಲ್ಲ. ಉಳಿದವುಗಳಲ್ಲಿ ಯಾವುದು ಅಂತ ಆ ಮಾದರಿ ಯಾವಾಗ ಮಾರಾಟಕ್ಕಿತ್ತು ಎನ್ನುವುದನ್ನು ಕ್ಯಾಟಲಾಗಿನಲ್ಲಿ ನೋಡಿ ಹೇಳಬೇಕು.

ಅಕ್ಷರ ಅಳಿಸಿಹೋದ ಪೆನ್ಸಿಲಿನಲ್ಲಿ ಲೆಡ್ಡೇ ಮಾತಾಡಬೇಕು. ವರ್ನಿಯರ್ ಕ್ಯಾಲಿಪರಿನಲ್ಲಿ ಅಳೆದು ನೋಡಿ. ಹಳೇ ಅಮೆರಿಕನ್ ಪೆನ್ಸಿಲುಗಳು ಹೆಚ್ಚಾಗಿ 1.18 ಮಿಲಿಮೀಟರಿನ ಲೆಡ್ ಕೇಳುತ್ತವೆ, ಆಮೇಲಿನವು 0.9. ಜೇಡಿ ಮತ್ತು ಗ್ರಾಫೈಟ್ ಕಲಸಿ ಸುಟ್ಟ ಕಡ್ಡಿಯನ್ನು ಅದಕ್ಕಿಂತ ಬಹಳ ಸಣ್ಣ ಮಾಡಿದರೆ ಕೈ ಒತ್ತಿದಲ್ಲೇ ಮುರಿಯುತ್ತಿತ್ತು. 1960ರಲ್ಲಿ ಜಪಾನಿನ ಪೆಂಟೆಲ್‌ನವರು ಜೇಡಿಯ ಬದಲು ರಾಳ ಬೆರೆಸಿ ಸುಟ್ಟ ಲೆಡ್ ತಂದ ಮೇಲೆಯೇ ನಾವು ಶಾಲೆಯಲ್ಲಿ ಬಳಸಿದ 0.5ರ ದಾರಿ ತೆರೆದದ್ದು. ಆದ್ದರಿಂದ 0.5 ತುದಿಯ ಪೆನ್ಸಿಲನ್ನು ಯಾರಾದರೂ ‘ಯುದ್ಧಕಾಲದ್ದು’ ಅಂದರೆ ನಗು ತಡೆದುಕೊಂಡು ಮುಂದಿನ ಅಂಗಡಿಗೆ ನಡೆಯಿರಿ. ಜಪಾನ್ ಅಂದಾಗ ನೆನಪಾಯಿತು: ಟಿ.ವಿ. ಮಾಡುವ ಶಾರ್ಪ್ ಕಂಪನಿಗೆ ಆ ಹೆಸರು ಬಂದದ್ದೇ ಹಯಕಾವಾ ತೊಕುಜಿ 1915ರಲ್ಲಿ ರೂಪಿಸಿದ ಪೆನ್ಸಿಲಿನಿಂದ. 1923ರ ಭೂಕಂಪದಲ್ಲಿ ಕಾರ್ಖಾನೆ, ಹೆಂಡತಿ, ಇಬ್ಬರು ಮಕ್ಕಳನ್ನು ಕಳೆದುಕೊಂಡ ಆತ ಒಸಾಕಾಕ್ಕೆ ಹೋಗಿ ರೇಡಿಯೊ ಕೈಗೆತ್ತಿಕೊಂಡ. ಜಪಾನಿನ ಮಕ್ಕಳು ಇವತ್ತಿಗೂ ಪೆನ್ ಪೆನ್ಸಿಲನ್ನು ‘ಶಾಪೆನ್’ ಅಂತಲೇ ಕೇಳುವುದು.

ಮೈಯ ವಸ್ತುವಿಗೆ ಮೂಗೇ ಸಾಕು. ಹೆಬ್ಬೆರಳಿನಿಂದ ಬಿಸಿಯಾಗುವಷ್ಟು ಉಜ್ಜಿದಾಗ ಗಂಧಕದ ವಾಸನೆ ಬಂದರೆ ಗಟ್ಟಿರಬ್ಬರು, ಕರ್ಪೂರದ ವಾಸನೆ ಬಂದರೆ ಸೆಲ್ಯುಲಾಯ್ಡ್ ಎಂಬ ಹಳೇ ಪ್ಲಾಸ್ಟಿಕ್. ಕಪ್ಪು ಗಟ್ಟಿರಬ್ಬರು ಬಿಸಿಲಿಗೆ ಕಂದು ತಿರುಗುತ್ತದೆ. ಕಂದು ಪೆನ್ಸಿಲನ್ನು ‘ಅಪರೂಪದ ಬಣ್ಣ’ ಅಂತ ಮಾರುವವರೂ ಇದ್ದಾರೆ. ಕ್ಲಿಪ್ ಎತ್ತಿ ಅದರ ಅಡಿ ನೋಡಿದರೆ ಹುಟ್ಟುಬಣ್ಣ ಅಲ್ಲಿ ಕಪ್ಪಾಗಿಯೇ ಅವಿತಿರುತ್ತದೆ.

ಹೀಗೆ ಬಂದು ನಿಲ್ಲುವುದು ಮೂರನೆಯ ಕೈಗೆ, ಒಡೆಯನದಕ್ಕೆ. ಪೆನ್ಸಿಲ್ ಸಂಗ್ರಹಕ್ಕಾಗಿ ಹುಟ್ಟಿದ್ದಲ್ಲ, ದಿನಾ ಜೇಬಿನಲ್ಲಿ ತಿರುಗಿದ್ದು. ಕ್ಲಿಪ್ ಮುರಿದಾಗ ಇನ್ನೊಂದರದು ಹಾಕಿಸಿರುತ್ತಾರೆ, ರಬ್ಬರಿನ ಟೋಪಿ ಕಳೆದಾಗ ಸಿಕ್ಕಿದ್ದು ತುರುಕಿರುತ್ತಾರೆ. ಹಾಗೆ ಹುಟ್ಟಿದ ಬೆರಕೆಯನ್ನು ‘ಯಾರೂ ಕಾಣದ ಮಾದರಿ’ ಅಂತ ಸಂಭ್ರಮಿಸುವ ಮೊದಲು ಸವೆತ ನೋಡಬೇಕು. ಮೈ ಎಲ್ಲ ಗೀರು ಬಿದ್ದು ಕ್ಲಿಪ್ ಮಾತ್ರ ಮದುಮಗನ ಹಾಗೆ ಹೊಳೆಯುತ್ತಿದ್ದರೆ, ಅಥವಾ ಕ್ಲಿಪ್ಪಿನ ತುದಿ ಮೈಗೆ ತಾಗುವ ಜಾಗ ಒಂದಾಗಿ, ಉಜ್ಜಿದ ಗುರುತು ಇನ್ನೊಂದು ಕಡೆ ಇದ್ದರೆ, ಅದು ಬೇರೆಯವರ ಕ್ಲಿಪ್. ಒಂದು ಬದಲಾವಣೆ ಕಾರ್ಖಾನೆಯದೇ ಅನ್ನಲು ಒಂದು ಪೆನ್ಸಿಲ್ ಸಾಲದು. ಬೇರೆ ಬೇರೆ ಊರಿನಿಂದ, ಬೇರೆ ಬೇರೆ ಮನೆಯಿಂದ ಬಂದ ಮೂರು ನಾಲ್ಕು ಪೆನ್ಸಿಲುಗಳಲ್ಲಿ ಅದೇ ಜೋಡಣೆ ಕಂಡರೆ ಮಾತ್ರ ನಾನು ಒಪ್ಪುತ್ತೇನೆ. ಉಡುಗೊರೆ ಕೊಟ್ಟವರು ಕೆತ್ತಿಸಿದ ಹೆಸರು, ತಾರೀಕು ಇದ್ದರೆ ಅದೊಂದು ಒಳ್ಳೇ ಮುಂದಿನ ಗಡಿ: ಪೆನ್ಸಿಲ್ ಆ ದಿನಕ್ಕೆ ಮೊದಲೇ ಹುಟ್ಟಿತ್ತು. ಆದರೂ ಕೆತ್ತನೆಯ ಗೆರೆಯೊಳಗೆ ಹಳೇ ಕೊಳೆ ಕೂತಿದೆಯೇ, ಇಲ್ಲ ನಿನ್ನೆ ಮೊನ್ನೆ ಕೊರೆದಂತೆ ಫಳಫಳ ಇದೆಯೇ ಅಂತ ಒಮ್ಮೆ ನೋಡಿ.

ಮನೆಯಲ್ಲಿ ಸಿಕ್ಕ ಬೆಳ್ಳಿಯ ಪೆನ್ಸಿಲನ್ನು ದಯವಿಟ್ಟು ಮೊದಲು ತೊಳೆಯಬೇಡಿ. ವಿಭೂತಿ, ಹುಣಸೆಹಣ್ಣು, ಅಂಗಡಿಯ ಪಾಲಿಶ್ ಯಾವುದೇ ಆದರೂ ಪ್ರತಿ ಸಲ ಮುದ್ರೆಯ ಅಂಚನ್ನು ಕೂದಲೆಳೆಯಷ್ಟು ತಿನ್ನುತ್ತದೆ, ಮತ್ತು ವರ್ಷದ ಅಕ್ಷರ ಇರುವುದೇ ಕೂದಲೆಳೆಯಷ್ಟು ಆಳದಲ್ಲಿ. ಕಪ್ಪು ಹಿಡಿದ ಹಾಗೆಯೇ ಓರೆ ಬೆಳಕಿನಲ್ಲಿ ತಿರುಗಿಸಿ ಫೋಟೊ ತೆಗೆದುಕೊಳ್ಳಿ. ಕಪ್ಪು ಮುದ್ರೆಯ ತಗ್ಗಿನಲ್ಲಿ ಕೂತು ಅಕ್ಷರವನ್ನು ಎತ್ತಿ ತೋರಿಸುತ್ತದೆ. ಆಮೇಲೆ ಪುಸ್ತಕದಲ್ಲಿ ಬರೆದಿಡಿ. ‘1915ರ ಎವರ್‌ಶಾರ್ಪ್’ ಅಂತ ಬರೆಯಬೇಡಿ. ‘1915ರಿಂದ ಈಚಿನದು, ಪ್ರಾಯಶಃ 1940ಕ್ಕಿಂತ ಮೊದಲಿನದು, ಲೆಡ್ 1.18, ಕ್ಲಿಪ್ಪಿನ ಮೇಲೆ ಅನುಮಾನ’ ಅಂತ ಬರೆಯಿರಿ, ಪೆನ್ಸಿಲಿನಲ್ಲೇ.